ಸರ್ಕಾರಿ ಮುಷ್ಟಿ

ಬೀದಿಯವರು ಅವನಿಗೆ ಇಟ್ಟ ಹೆಸರು ಸರ್ಕಾರಿ ಮುಷ್ಟಿ. ಸೈನ್ಯದಲ್ಲಿದ್ದ ಹದಿನೇಳು ವರ್ಷದಲ್ಲಿ ಅವನು ಬಂದೂಕಿನಿಂದ ಒಬ್ಬನನ್ನೂ ಉರುಳಿಸಿದವನಲ್ಲ. ಮುಷ್ಟಿಯಿಂದ ನೂರಾರು ಜನರನ್ನು ಮನೆಗೆ ಅಟ್ಟಿದವನು. ಭರ್ತಿ ಪರೀಕ್ಷೆಯಲ್ಲಿ ಪುಶ್ಅಪ್ ಎಣಿಸುವುದು ಅವನ ಕೆಲಸವಾಗಿತ್ತು. ನೆಲದ ಮೇಲೆ ಮುಷ್ಟಿ ನಿಲ್ಲಿಸಿ ಕೂರುತ್ತಿದ್ದ. ಎದೆ ಇಳಿದು ಮುಷ್ಟಿಗೆ ತಾಗಬೇಕು, ಎದ್ದಾಗ ಮೊಣಕೈ ನೆಟ್ಟಗಾಗಬೇಕು, ಸೊಂಟ ಜೋಲಬಾರದು. ತಪ್ಪಿದರೆ ಹಿಂದಿನ ಅಂಕಿಯನ್ನೇ ಮತ್ತೆ ಕೂಗುತ್ತಿದ್ದ. ಎರಡು ನಿಮಿಷದೊಳಗೆ ಮೂವತ್ತು. ಎದೆ ನೆಲದಿಂದ ನಾಲ್ಕು ಇಂಚಿನವರೆಗೆ ಬರಬೇಕೆಂಬುದು ನಿಯಮ. ಆ ಕೆಲಸಕ್ಕೆ ಹಾಕುವ ಮುಂಚೆ ಮೇಲಿನವರು ಅವನ ಮುಷ್ಟಿಗೆ ಅಳತೆಪಟ್ಟಿ ಹಿಡಿದು ನೋಡಿದ್ದರು. ಸರಿಯಾಗಿ ನಾಲ್ಕು. ಅಂದಿನಿಂದ ಅವನ ಕಾಲು ನೆಲಕ್ಕೆ ಹತ್ತಲಿಲ್ಲ.

ಹೆಂಡತಿಯ ತಮ್ಮನನ್ನೂ ಬಿಡಲಿಲ್ಲ. "ಇಪ್ಪತ್ತೊಂಬತ್ತು" ಎಂದು ಮೂರು ಸಲ ಕೂಗಿ ಸೀಟಿ ಊದಿಬಿಟ್ಟ. ಭಾಮೈದ ಲಾರಿ ಡ್ರೈವರನಾದ. ಹೆಂಡತಿ ಒಂದು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಳು.

ಎಣಿಸುವ ಜಾಗದಲ್ಲಿ ಬಹಳ ಕಾಲ ಕೂತವನಿಗೆ ಒಂದು ರೋಗ ಅಂಟುತ್ತದೆ: ಲೋಕವೆಲ್ಲ ಕಳ್ಳರು, ತಾನೊಬ್ಬ ತಕ್ಕಡಿ. ನಿವೃತ್ತನಾಗಿ ಸಿಮೆಂಟ್ ಗೋದಾಮಿನ ಲಾರಿ ತೂಗುವ ಕಟ್ಟೆಯ ಮೇಲೆ ಕೂತರೂ ಆ ರೋಗ ಬಿಡಲಿಲ್ಲ. ಡ್ರೈವರ್ ಇಳಿಯದೆ ಕೂತಿದ್ದಾನೆಯೇ, ಹಿಂದಿನ ಚಕ್ರ ಕಬ್ಬಿಣದ ಹಾಸಿನಿಂದ ಹೊರಗಿದೆಯೇ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದ. ಮನೆಯಲ್ಲಿ ಹಾಲಿನ ಮೇಲೆ ಅನುಮಾನ, ಗಡಿಯಾರದ ಮೇಲೆ ಅನುಮಾನ. ಎರಡು ವರ್ಷದಿಂದ ಹೆಂಡತಿಯ ಹೊಲಿಗೆಯ ಮೇಲೂ ಅನುಮಾನ.

"ಅಂಗಿ ಕಾಜ ಯಾಕೆ ಇಷ್ಟು ಚಿಕ್ಕದು? ಗುಂಡಿ ಹಾಕಕ್ಕೇ ಆಗಲ್ಲ."

"ಊರಿನವರೆಲ್ಲ ನನ್ನ ಹತ್ರಾನೇ ಹೊಲಿಸ್ತಾರೆ. ಅವರ ಗುಂಡಿ ಎಲ್ಲಾ ಹೋಗುತ್ತೆ, ನಿಮ್ಮದೊಂದೇ ಹೋಗಲ್ಲ," ಎಂದು ಅವಳು ದಾರ ಕಚ್ಚುತ್ತಿದ್ದಳು.

ಮಗ ಪಾರ್ಸೆಲ್ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಸೈನ್ಯ ಸೇರಬೇಕೆಂದು ಹಟ. ವಯಸ್ಸಿನ ಮಿತಿಗೆ ಇದೇ ಕೊನೆಯ ವರ್ಷ. ಈ ಸಲ ತಪ್ಪಿದರೆ ಮೂಟೆಯೇ ಗತಿ. ಬೆಳಿಗ್ಗೆ ಎದ್ದು ಅಂಗಳದಲ್ಲಿ ಅಪ್ಪನ ಮುಷ್ಟಿಯ ಮೇಲೆ ಎದೆ ಇಳಿಸುತ್ತಿದ್ದ. ಆರು ತಿಂಗಳಲ್ಲಿ ಹದಿನಾಲ್ಕರಿಂದ ಮೂವತ್ತಾರಕ್ಕೆ ಬಂದ. ಅಪ್ಪ ಹೊಗಳಲಿಲ್ಲ. ತಾನಿಲ್ಲದಾಗ ಅಭ್ಯಾಸ ತಪ್ಪಿಸುತ್ತಾನೆಂದು ಅಂಗಳದ ಮಣ್ಣಿನ ಮೇಲೆ ಅಂಗೈ ಗುರುತು ಹುಡುಕುತ್ತಿದ್ದ.

ಪರೀಕ್ಷೆಗೆ ಮೂರು ವಾರ ಇದ್ದಾಗ, ತೂಕದ ಕಟ್ಟೆಯನ್ನು ಪರೀಕ್ಷಿಸಲು ಇಲಾಖೆಯವನು ಬಂದ. ಮುದ್ರೆ ಒತ್ತಿದ ಕಬ್ಬಿಣದ ತೂಕದ ಬಟ್ಟುಗಳನ್ನು ಹಾಸಿನ ಮೇಲೆ ಪೇರಿಸಿದ. ಮುಳ್ಳು ಎಪ್ಪತ್ತು ಕೆಜಿ ಹೆಚ್ಚು ತೋರಿಸಿತು. ಎಷ್ಟು ತಿಂಗಳಿಂದ ಹೀಗಿತ್ತೋ! ಸಾಲಿನಲ್ಲಿ ನಿಂತಿದ್ದ ಭಾಮೈದ ಲಾರಿಯಿಂದ ತಲೆ ಹೊರಹಾಕಿದ.

"ಏನು ಭಾವಾ, ಇಷ್ಟು ದಿನ ನಮ್ಮನ್ನ ಕಳ್ಳರು ಅಂದ್ರಿ. ಕಳ್ಳ ನಿಮ್ಮ ಕುಂಡೆ ಕೆಳಗೇ ಕೂತಿದ್ದನಲ್ಲ!"

ಡ್ರೈವರುಗಳು ಕೇಕೆ ಹಾಕಿದರು. ಅವನು ಇಲಾಖೆಯವನ ಕಡೆ ತಿರುಗಿದ. ಚೀಟಿಗೆ ಸಹಿ ಹಾಕಲು ಪೆನ್ನು ಹಿಡಿದರೆ ಬೆರಳು ಮಡಚಲೊಲ್ಲವು. ಗಿಣ್ಣುಗಳು ಬಾತು ಗೋಲಿಯಂತಾಗಿದ್ದವು. ಎರಡು ವರ್ಷದ ಸಂಧಿವಾತ. ಅವನು ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದ. ಕಾಜ ನೆನಪಾಯಿತು.

ಮನೆಗೆ ಬಂದವನೇ, ಬೆರಳು ಮಡಚಿದಷ್ಟು ಮಡಚಿ, ಮೇಜಿನ ಮೇಲೆ ಮುಷ್ಟಿ ನಿಲ್ಲಿಸಿದ. "ಟೇಪ್ ತಗೊಂಡು ಅಳಿ."

ಹೆಂಡತಿ ಅಳೆದಳು. "ಐದೂವರೆ."

"ಸರಿಯಾಗಿ ಹಿಡಿ."

"ಮೂವತ್ತು ವರ್ಷದಿಂದ ಟೇಪ್ ಹಿಡೀತಿದೀನಿ. ಐದೂವರೆ ಅಂದ್ರೆ ಐದೂವರೆ."

ಮಗ ಬಂದಾಗ ಅವನು ಸುತ್ತಿ ಬಳಸಿ ಹೇಳಲಿಲ್ಲ. "ನೀನು ಹೊಡೆದ ಮೂವತ್ತಾರೂ ಸುಳ್ಳು. ಒಂದೂವರೆ ಇಂಚು ಮೇಲೇ ನಿಂತಿದೀಯ."

ಮಗ ಅಪ್ಪನ ಮುಖವನ್ನೇ ದಿಟ್ಟಿಸಿದ. ಅನುಮಾನ ಆ ಮನೆಯಲ್ಲಿ ಪಿತ್ರಾರ್ಜಿತ ಆಸ್ತಿ. "ಇದ್ಯಾವ ಹೊಸ ಆಟ ಅಪ್ಪಾ? ಮಾವನಿಗೆ ಮಾಡಿದ್ದೇ ನನಗೂ ಮಾಡ್ತೀಯಾ? ನಾನು ಹೋಗಬಾರದು ಅಂತ ತಾನೇ?"

"ಟೇಪ್ ಅಲ್ಲೇ ಇದೆ. ನೀನೇ ಅಳಿ."

ಮಗನೂ ಅಳೆದ. ಐದೂವರೆಯೇ. ಹೆಂಡತಿ ಹೊಲಿಗೆ ಯಂತ್ರ ಬಿಟ್ಟೆದ್ದು ತನ್ನ ಮುಷ್ಟಿ ಮುಂದಿಟ್ಟಳು. ಮೂರೂಮುಕ್ಕಾಲು.

"ಕಾಲಿಂಚು ಕಮ್ಮಿ," ಎಂದ ಮಗ.

"ನನ್ನದಕ್ಕೆ ಮುಟ್ಟಿದ್ರೆ ಎಲ್ಲಿ ಬೇಕಾದರೂ ಮುಟ್ತೀಯ. ಮಲಗು."

ಅಂದು ಸಂಜೆ ಮೂವತ್ತಾರು ಇಪ್ಪತ್ಮೂರಕ್ಕೆ ಇಳಿಯಿತು. ಆಮೇಲೆ ಮೂರು ವಾರ ಅಮ್ಮನದು ಮುಷ್ಟಿ, ಅಪ್ಪನದು ಕಣ್ಣು. ಅವಳು ಮುಷ್ಟಿಯನ್ನು ಎತ್ತಿ ಹಿಡಿಯುತ್ತಾಳೆಂಬ ಗುಮಾನಿಯಿಂದ ಅವನು ಕೆನ್ನೆ ನೆಲಕ್ಕಾನಿಸಿ ನೋಡುತ್ತಿದ್ದ.

"ಹಾಗೇ ನಿದ್ದೆ ಹೋಗ್ಬೇಡಿ," ಎನ್ನುತ್ತಿದ್ದಳು ಅವಳು.

ಮಗ ಎದೆ ಮೇಲೆತ್ತಲಾರದೆ ಮಣ್ಣು ಮುಕ್ಕಿದ, ಬೈದ, ಮತ್ತೆ ಇಳಿದ. ಕೊನೆಯ ದಿನ ಇಪ್ಪತ್ತೊಂಬತ್ತು ಹೊಡೆದ.

ಪರೀಕ್ಷೆಯ ಬೆಳಿಗ್ಗೆ ಮೈದಾನದವರೆಗೆ ಕರೆತಂದವನು ಭಾಮೈದನೇ, ಲಾರಿಯಲ್ಲಿ. ಗಂಡ, ಹೆಂಡತಿ, ಭಾಮೈದ ಮೂವರೂ ತಂತಿಬೇಲಿಯ ಹೊರಗೆ ನಿಂತರು. ಒಳಗೆ ಎಣಿಸುವವನು ನೆಲದ ಮೇಲೆ ಮರದ ತುಂಡು ಇಟ್ಟಿದ್ದ. ಮುಷ್ಟಿಯ ಕಾಲ ಮುಗಿದಿತ್ತು. ಅಪ್ಪನಿಗೆ ಆ ತುಂಡಿನ ಮೇಲೂ ನಂಬಿಕೆ ಬರಲಿಲ್ಲ. ತಂತಿಗೆ ಮುಖ ಒತ್ತಿ ತಾನೂ ಎಣಿಸಿದ.

ಹದಿನೆಂಟನೆಯದರಲ್ಲಿ ಮಗನ ಸೊಂಟ ಜೋಲಿತು. ಇವನು ತುಟಿಯಲ್ಲೇ "ಹದಿನೇಳು" ಎಂದ. ಒಳಗಿನವನು "ಹದಿನೆಂಟು" ಎಂದು ಕೂಗಿ ಮುಂದೆ ಹೋದ. ಅಲ್ಲಿಂದ ಎರಡು ಲೆಕ್ಕ, ಒಂದರ ಹಿಂದೆ ಒಂದು ನಡೆದವು. ಮಗನ ತೋಳು ಥರಥರ ನಡುಗಿತು. "ಮೂವತ್ತು!" ಎಂದ ಒಳಗಿನವನು. ಸೀಟಿ ಮೊಳಗಿತು. ಮಗ ಬೋರಲು ಬಿದ್ದ.

ಇವನ ಲೆಕ್ಕದಲ್ಲಿ ಇಪ್ಪತ್ತೊಂಬತ್ತು.

"ಎಷ್ಟಾಯ್ತು ರೀ?" ಎಂದಳು ಹೆಂಡತಿ. ಅವಳು ಮೈದಾನದ ಕಡೆ ನೋಡುತ್ತಿರಲಿಲ್ಲ, ಅವನ ಬಾಯಿಯನ್ನೇ ನೋಡುತ್ತಿದ್ದಳು.

ಅವನು ಬಾತ ಬೆರಳುಗಳನ್ನು ಜೇಬಿಗೆ ತುರುಕಿದ.

"ಮೂವತ್ತು."

ಭಾಮೈದ ಬೇಲಿಗೊರಗಿ ನಕ್ಕ. "ಹದಿನೆಂಟನೇದು ನಾನೂ ನೋಡ್ದೆ ಭಾವಾ. ಹಾಗಾದ್ರೆ ನಂದೂ ಮೂವತ್ತು ಅಂತ ಒಪ್ಕೊಳ್ಳಿ ಇವತ್ತು."

"ನಿಂದು ಮೊಣಕೈ ನೆಟ್ಟಗಾಗಿರಲಿಲ್ಲ," ಎಂದ ಅವನು. "ಲಾರಿ ತೆಗಿ. ಡ್ಯೂಟಿಗೆ ಹೊತ್ತಾಯ್ತು."