ಮಾವನಿಗೆ ಒಪ್ಪುವ ಮೀನು

ಮಾವನ ಹೃದಯ ಒಮ್ಮೆ ಕೈಕೊಟ್ಟ ವರ್ಷ ಅದು. ಗುಡ್ಡ ಹತ್ತಿ ಇಳಿಯಬಾರದು, ರೇಗಬಾರದು, ಇನ್ನೊಂದು ಸಲ ಹೀಗಾದರೆ ಕಷ್ಟ ಎಂದು ಹಾಸನದ ಡಾಕ್ಟರು ಹೇಳಿದ್ದರು. ಜೊತೆಗೆ, ಮನೆಯಲ್ಲಿ ಮೀನು ಸಾಕಿ ನೋಡುತ್ತ ಕೂತರೆ ಬಿ.ಪಿ. ಇಳಿಯುತ್ತದೆ ಎಂದೂ ಸೇರಿಸಿದರು. ಆ ಮಾತೊಂದು ಆಡದಿದ್ದರೆ ನನ್ನ ಬಿ.ಪಿ.ಯಾದರೂ ನೆಟ್ಟಗಿರುತ್ತಿತ್ತು.

ನನ್ನ ಗಂಡ ಒಂದು ಸಣ್ಣ ಗಾಜಿನ ತೊಟ್ಟಿ ತಂದಿಟ್ಟು, ಮೀನು ಆರಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿ ತೋಟಕ್ಕೆ ಹೋಗಿಬಿಟ್ಟರು. ಮುಂದಿನ ತಪಾಸಣೆಗೆ ಹಾಸನಕ್ಕೆ ಹೋದಾಗ ಮಾವನನ್ನೇ ಮೀನಿನಂಗಡಿಗೆ ಕರೆದೊಯ್ದೆ. ಅವರು ಬೆನ್ನ ಹಿಂದೆ ಕೈಕಟ್ಟಿಕೊಂಡು, ಬೆಳಿಗ್ಗೆ ಆಳುಗಳ ಮುಂದೆ ನಿಲ್ಲುವ ಹಾಗೆ ಒಂದೊಂದು ತೊಟ್ಟಿಯ ಮುಂದೆ ನಿಂತರು.

ಗೋಲ್ಡ್‌ಫಿಶ್ ನೋಡಿ, "ತಿನ್ನೋಕೇ ಹುಟ್ಟೈತೆ ಇದು, ಬ್ಯಾಡ" ಎಂದರು. ಏಂಜೆಲ್ ಮೀನು ತೋರಿಸಿದರೆ, "ಮೈಯೇ ಇಲ್ವಲ್ಲವ್ವ, ಹಪ್ಪಳ ಇದ್ದಂಗೈತೆ." ಫೈಟರ್ ಮೀನನ್ನು ಇನ್ನೊಂದರ ಜೊತೆ ಬಿಟ್ಟರೆ ಸಾಯುವ ತನಕ ಕಿತ್ತಾಡುತ್ತದೆ ಎಂದು ಅಂಗಡಿಯವನು ಹೇಳಿದ್ದೇ ತಡ, ಮಾವನ ಕಣ್ಣು ಅರಳಿತು. "ಹಂಗಾದ್ರೆ ಎರಡು ಕೊಡು!"

"ಮಾವ, ನಾವು ಬಂದಿರೋದು ಬಿ.ಪಿ. ಇಳಿಸೋಕೆ," ಎಂದೆ.

ಮಳೆಗಾಲದಲ್ಲಿ ನಮ್ಮ ಹಾನುಬಾಳಿನ ಕಡೆ ಕರೆಂಟು ಹೋದರೆ ಹೋಯಿತು, ತೊಟ್ಟಿಗೆ ಗಾಳಿ ಊದುವ ಪಂಪು ನಿಲ್ಲುತ್ತದೆ. ಮೇಲೆ ಬಂದು ಗಾಳಿ ಕುಡಿಯುವ ಗೌರಾಮಿಯಾದರೆ ತಡೆದುಕೊಳ್ಳುತ್ತದೆ ಎಂದು ಅಂಗಡಿಯವನು ಹೇಳಿದ. ಕೊನೆಗೆ ನಾನೇ ನಾಲ್ಕು ಗೌರಾಮಿ, ಒಂದಷ್ಟು ಗಪ್ಪಿ ಆರಿಸಿದೆ. "ಸಾರಿಗೂ ಬರಲ್ಲ, ನೋಟಕ್ಕೂ ಬರಲ್ಲ," ಎಂದು ಮಾವ ದಾರಿಯುದ್ದಕ್ಕೂ ಗೊಣಗಿದರು.

ಮನೆಗೆ ಬಂದ ಮೇಲೆ ಶುರುವಾಯಿತು ಮೀನುಗಳನ್ನು ಗದರುವುದು. "ಲೇ, ಬಿಸಿಲೇರ್ತು, ಇನ್ನೂ ಮೂಲೇಲೇ ನಿಂತಿದಿಯೇನೋ ಸೋಂಬೇರಿ!" ಬಿ.ಪಿ. ಇಳಿಸಬೇಕಾದ ಮೀನೇ ಅವರ ಬಿ.ಪಿ. ಏರಿಸುತ್ತಿದ್ದರೆ ನಾನು ಯಾರ ಹತ್ತಿರ ಹೇಳಿಕೊಳ್ಳಲಿ?

ಮೊದಲ ಮಳೆ ಹಿಡಿದು, ತುಸು ಬಿಟ್ಟು ಹೊಳವಾದ ಒಂದು ಮಧ್ಯಾಹ್ನ ತೊಟ್ಟಿಯ ಮುಂದಿನ ಮಾವನ ಕುರ್ಚಿ ಖಾಲಿಯಿತ್ತು. ಹುಡುಕಿ ಹುಡುಕಿ ಸಾಕಾಗುವ ಹೊತ್ತಿಗೆ ಮಾವ ಹಳ್ಳದ ಕಡೆಯಿಂದ ಏದುಸಿರು ಬಿಡುತ್ತ ಹತ್ತಿ ಬಂದರು. ಮೊಣಕಾಲ ತನಕ ಕೆಸರು, ಕೈಯಲ್ಲಿ ಬಿಂದಿಗೆ. ಹೊಸನೀರಿಗೆ ಎದುರಾಗಿ ಹತ್ತುವ ಮೀನಿಗೆ ನಮ್ಮಲ್ಲಿ ಬಿದಿರಿನ ಕೂಳಿ ಒಡ್ಡುತ್ತಾರೆ. ಇವರೂ ಒಡ್ಡಿ, ಬೆರಳುದ್ದದ ಮೀನುಗಳನ್ನು ಹಿಡಿದು ತಂದಿದ್ದರು.

ಮದುವೆಯಾಗಿ ಬಂದಾಗಿನಿಂದ ಮಾವನ ಎದುರು ದನಿ ಎತ್ತದವಳು ಅವತ್ತು ಕಿರುಚಿಬಿಟ್ಟೆ. "ಅಲ್ಲೇ ಬಿದ್ದಿದ್ರೆ ಯಾರು ನೋಡ್ತಿದ್ರು? ನಿಮ್ಮ ಮಗನಿಗೆ ನಾನೇನು ಹೇಳ್ಬೇಕಿತ್ತು?"

"ಬೈಯಿ ಕಣವ್ವ, ಆದ್ರೆ ಮೊದ್ಲು ಇವನ್ನ ನೋಡು," ಎಂದು ಅವರು ಮೀನುಗಳನ್ನು ತೊಟ್ಟಿಗೆ ಬಿಟ್ಟರು.

ಮಾರನೆಯ ಬೆಳಿಗ್ಗೆ ಹಳ್ಳದ ಮೀನುಗಳಲ್ಲಿ ಎರಡು ತೊಟ್ಟಿಯಿಂದ ಹಾರಿ ನೆಲದ ಮೇಲೆ ಸತ್ತಿದ್ದವು. ಉಳಿದವು ಪಂಪಿನ ಗುಳ್ಳೆ ಏಳುವ ಮೂಲೆಗೆ ಮೂತಿ ಒತ್ತಿಕೊಂಡು ನಿಂತಿದ್ದವು. ಮಾವ ಅವನ್ನು ಗದರಲಿಲ್ಲ.

"ನಿಂತ ನೀರಲ್ಲಿ ಇವು ಬದ್ಕಲ್ಲ. ವಾಪಸ್ ಬುಟ್ಟು ಬತ್ತೀನಿ."

"ಬೇಡ. ಆಳಿನ ಕೈಲಿ ಕಳಿಸ್ತೀನಿ."

ಸಾರಿನ ಉಪ್ಪಿಗೂ ಜಗಳ ತೆಗೆಯುವ ಮನುಷ್ಯ, "ಆಗ್ಲಿ" ಎಂದು ಮಡಿಲಲ್ಲಿ ಕೈಯಿಟ್ಟುಕೊಂಡು ಕೂತರು. ಹಿಂದಿನ ದಿನದ ಏದುಸಿರಿಗಿಂತ ಆ "ಆಗ್ಲಿ" ನನ್ನನ್ನು ಹೆಚ್ಚು ಹೆದರಿಸಿತು. ಒಲೆಯ ಮೇಲಿನ ಪಾತ್ರೆ ಇಳಿಸಿ ಬಂದು, ಮೀನುಗಳನ್ನು ಬಿಂದಿಗೆಗೆ ತುಂಬಿದೆ.

"ಏಳಿ ಮಾವ. ಬಿಂದಿಗೆ ನಾನು ಹೊರ್ತೀನಿ. ನಾನು ಕೂರಿ ಅಂದಲ್ಲೆಲ್ಲ ಕೂರಬೇಕು."

ಹಳ್ಳಕ್ಕೆ ಇಳಿಯುವ ದಾರಿಯಲ್ಲಿ ಅಂದಲ್ಲೆಲ್ಲ ಕೂತರು. ನಾನು ಬೈಯುತ್ತಲೇ ಇದ್ದೆ. ಮೀನು ಬಿಟ್ಟ ಮೇಲೆ ಪಂಚೆ ಎತ್ತಿಕಟ್ಟಿ, ಹರಿಯುವ ನೀರಿನಲ್ಲಿ ಪಾದ ಮುಳುಗಿಸಿ ನಿಂತರು. ವಾಪಸು ಹತ್ತುವಾಗ ನನ್ನ ಹೆಗಲು ಹಿಡಿದುಕೊಂಡರು.

"ನಾಳೆ ಎಷ್ಟೊತ್ತಿಗೆ ಬರಾದವ್ವ?"

ಬರುವುದೇ ಬೇಡ ಎನ್ನಲು ಬಾಯಿ ತೆರೆದೆ.

"ತಿಂಡಿ ತಿಂದು, ಮಾತ್ರೆ ನುಂಗಿದ ಮೇಲೆ," ಎಂದು ಗದರಿದೆ.