ಎಡಗಡೇದು ಎಡಕ್ಕೇ

ಬೀದಿಯವರೆಲ್ಲ ಬ್ರೇಕ್ ಮಾವ ಎಂದು ಕರೆಯುವ ಈ ಮೆಕ್ಯಾನಿಕ್‌ಗೆ ಮನೆಯಲ್ಲಿ ಎಡ ಯಾವುದು, ಬಲ ಯಾವುದು ಎಂಬುದು ಇವತ್ತಿಗೂ ತಿಳಿಯದು. ಚಪ್ಪಲಿಯನ್ನೂ ಅದಲುಬದಲು ಮೆಟ್ಟಿಕೊಂಡು ಹೊರಡುತ್ತಾನೆ. ಆದರೆ ಸ್ಪೋರ್ಟ್ಸ್ ಕಾರಿನ ಚಕ್ರದ ಡಿಸ್ಕನ್ನು ಕಚ್ಚಿ ಹಿಡಿಯುವ, ಅವಳಿಗಳಂತಿರುವ ಎರಡು ಕೆಂಪು ಕ್ಯಾಲಿಪರ್‌ಗಳನ್ನು ಕೈಗೆ ಕೊಟ್ಟರೆ, ಯಾವುದು ಯಾವ ಕಡೆಯದೆಂದು ಕಣ್ಣುಮುಚ್ಚಿಕೊಂಡೇ ಹೇಳುತ್ತಾನೆ. "ಗಾಳಿ ಬಿಡೋ ತಿರುಪು ಮೇಲ್ಗಡೆ ಬರ್ಬೇಕು. ಕಡೆ ತಪ್ಪಿ ಕೆಳಗೆ ಬಂತೋ, ಗಾಳಿ ಬ್ರೇಕ್ ಎಣ್ಣೆ ಒಳಗೇ ಠಿಕಾಣಿ ಹೂಡುತ್ತೆ, ಬ್ರೇಕ್ ತುಳಿದ್ರೆ ದಿಂಬು ತುಳಿದ ಹಾಗಾಗುತ್ತೆ" ಎಂಬ ಪಾಠದಿಂದ ವಿಳಾಸ ಕೇಳಲು ಬಂದವರಿಗೂ ಬಿಡುಗಡೆಯಿಲ್ಲ. ಬೋಲ್ಟು ಬಿಗಿದ ಮೇಲೆ ಮಗುವಿನ ಕೆನ್ನೆಯಂತೆ ಕ್ಯಾಲಿಪರನ್ನು ಒರೆಸಿ, ಇನ್ನೊಮ್ಮೆ ಬಿಗಿ ನೋಡುತ್ತಾನೆ. "ನಿಮ್ಮ ತಲೆಗೂ ಅಂಥದೊಂದು ತಿರುಪು ಹಾಕಿಸ್ಕೊಳ್ಳಿ, ಒಂಚೂರು ಗಾಳಿ ಹೋಗ್ಲಿ" ಎಂದು ಹೆಂಡತಿ ದಿನವಿಡೀ ಗೇಲಿ ಮಾಡುತ್ತಾಳೆ. ಬ್ರೇಕು ಪರೀಕ್ಷಿಸುವ ಮೊದಲ ಓಟಕ್ಕೆ ಮಾತ್ರ ಮಾವ ಕಾರಿನ ಮಾಲೀಕನನ್ನೂ ಹತ್ತಿಸಿಕೊಳ್ಳುವುದಿಲ್ಲ. "ಮೊದಲನೇ ಬ್ರೇಕು ನಂದು" ಎಂದು ಒಬ್ಬನೇ ಇಳಿಜಾರಿಗೆ ಹೋಗುತ್ತಾನೆ. ಆಗ ಹೆಂಡತಿ ಒಲೆ ಆರಿಸಿ ಬಂದು ಗ್ಯಾರೇಜಿನ ಗೇಟು ಹಿಡಿದು ನಿಲ್ಲುತ್ತಾಳೆ. ಕಣ್ಣು ಇಳಿಜಾರಿನ ಕಡೆಗೇ. ಕಾರು ವಾಪಸು ಬಂದು ಗೇಟಿನ ಮುಂದೆ ಗಕ್ಕನೆ ನಿಂತ ಮೇಲೆಯೇ, ಅವನು ಹೊರಡುವಾಗ ಕಂಡಿದ್ದರೂ ನಾಲಿಗೆಯ ತುದಿಯಲ್ಲೇ ತಡೆದಿಟ್ಟುಕೊಂಡಿದ್ದ ಮಾತನ್ನು ಆಡುತ್ತಾಳೆ: "ಚಪ್ಪಲಿ ಅದಲುಬದಲಾಗಿದೆ ರೀ."