ಏಪ್ರಿಲ್‌ನಲ್ಲಿ ಮರಿ ಮಾಡಿಸುವ ಸುಗ್ರಾ ಚಾಚಿ

ಯಲ್ಲಾಪುರದಲ್ಲಿ ಸಾಕಲು ಮೊಲದ ಮರಿ ಬೇಕೆಂದು ಯಾರನ್ನು ಕೇಳಿದರೂ ನಮ್ಮ ಓಣಿಯನ್ನೇ ತೋರಿಸುತ್ತಾರೆ. ಓಣಿಯ ಬಾಯಲ್ಲಿ ಟೈರ್ ಅಂಗಡಿ, ಅದರ ಹಿಂದೆ ನಮ್ಮ ಮನೆ, ಅದಕ್ಕೆ ತಾಗಿ ಸುಗ್ರಾ ಚಾಚಿಯ ಮನೆ. ಬಂದವರು ಮೊದಲು ನಮ್ಮ ಬಾಗಿಲಿಗೇ ಬರುತ್ತಾರೆ. ನಾನು ಕೈ ತೋರಿಸಿ, "ಆಚೆ ಮನೆ" ಎನ್ನುತ್ತೇನೆ. ಎರಡು ವರ್ಷ ಹೀಗೆ ಕೈ ತೋರಿಸಿದ್ದೇನೆ. ನಮ್ಮ ಹಿತ್ತಲಲ್ಲೂ ಮೊಲಗಳಿವೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಸುಗ್ರಾ ಚಾಚಿಗೆ ಈಗ ಐವತ್ತೆರಡು ವರ್ಷ. ಹುಟ್ಟಿದ್ದು ಶಿರಸಿಯಲ್ಲಿ, ಓದಿದ್ದು ನಾಲ್ಕನೇ ಇಯತ್ತೆ. ಗಂಡ ಗನಿ ಚಾಚಾ ಯಲ್ಲಾಪುರದಿಂದ ಶಿರಸಿಗೆ ಸಾಮಾನು ಸಾಗಿಸುವ ಟೆಂಪೋ ಓಡಿಸುತ್ತಾರೆ. ಒಬ್ಬಳೇ ಮಗಳು ತಸ್ಲೀಮ್. ಅವಳು ಐದನೇ ತರಗತಿಯಲ್ಲಿದ್ದಾಗ ಹಟ ಹಿಡಿದಳೆಂದು ಚಾಚಾ ಬಾಳೆಕಾಯಿ ಬುಟ್ಟಿಯಲ್ಲಿ ಎರಡು ಮೊಲ ತಂದುಕೊಟ್ಟರಂತೆ. ಮಗಳಿಗೆ ತಿಂಗಳಲ್ಲಿ ಬೇಸರ ಬಂತು, ತಾಯಿಗೆ ಬರಲಿಲ್ಲ. ಹದಿನೇಳು ವರ್ಷಗಳಿಂದ ಅವರ ಹಿತ್ತಲಿನಲ್ಲಿ ಮೊಲ ಇಲ್ಲದ ದಿನವಿಲ್ಲ. ಮರಿ ಕೇಳಿ ಬಂದವರಿಗೆ ಅವರು ಹೇಳುವ ಮೊದಲ ಮಾತು, "ಸಾಕ್ಲಿಕ್ಕಾದ್ರೆ ಕೊಡ್ತೇನೆ, ಸಾರಿಗಾದ್ರೆ ಇಲ್ಲ."

ಮೊಲ ಸಾಕುವವರು ಊರಲ್ಲಿ ಇನ್ನೂ ನಾಲ್ಕೈದು ಮಂದಿ ಇದ್ದಾರೆ. ಆದರೆ ಮಾರ್ಚ್ ಬಂತೆಂದರೆ ಎಲ್ಲರ ಮೊಲಗಳೂ ಸುಮ್ಮನಾಗುತ್ತವೆ. ಸೆಕೆಗೆ ಗಂಡು ಹೆಣ್ಣಿನ ಕಡೆ ನೋಡುವುದಿಲ್ಲ. ಗಬ್ಬವಾದ ಹೆಣ್ಣು ಕೂಡ ಮಧ್ಯಾಹ್ನದ ಕಾವಿಗೆ ಸತ್ತುಹೋಗುವುದುಂಟು. ಬೇಸಿಗೆ ರಜೆಯಲ್ಲಿ ಮಕ್ಕಳು ಮರಿ ಕೇಳುತ್ತವೆ, ಆಗಲೇ ಯಾರ ಹತ್ತಿರವೂ ಮರಿ ಇರುವುದಿಲ್ಲ. ಸುಗ್ರಾ ಚಾಚಿಯ ಹತ್ತಿರ ಮಾತ್ರ ಇರುತ್ತದೆ.

"ಅವರ ಕೈಗುಣ ಅದು," ಎಂದು ಅಮ್ಮ ಹೇಳುತ್ತಾಳೆ. ಆ ಮಾತು ಕೇಳಿದಾಗಲೆಲ್ಲ ನನಗೆ ಎದೆಯಲ್ಲಿ ಚುಚ್ಚಿದಂತಾಗುತ್ತಿತ್ತು. ಕಾಲೇಜು ಬಿಟ್ಟ ಮೇಲೆ ಮನೆಗೆ ಬಂದವರೆಲ್ಲ "ಈಗ ಎಂತ ಮಾಡ್ತೀಯೆ?" ಎಂದು ಕೇಳುತ್ತಿದ್ದರು. ಅದಕ್ಕೊಂದು ಉತ್ತರ ಬೇಕೆಂದೇ ನಾನು ಮೊಲ ಸಾಕಲು ಶುರು ಮಾಡಿದ್ದೆ. ಮರಿಗಳೇನೋ ಆಗುತ್ತಿದ್ದವು, ಆದರೆ ಮಳೆಗಾಲದಲ್ಲಿ, ಚಳಿಗಾಲದಲ್ಲಿ. ಅದು ಎಲ್ಲರಿಗೂ ಆಗುತ್ತದೆ. ನನಗೆ ಏಪ್ರಿಲ್‌ನಲ್ಲೇ ಆಗಬೇಕಿತ್ತು.

ಹೋದ ವರ್ಷ ಏಪ್ರಿಲ್ ತಿಂಗಳಿಡೀ ನಾನು ಬೆಳಿಗ್ಗೆ ಎದ್ದು ದಾಸವಾಳದ ಗಿಡದ ಸಂದಿಯಿಂದ ಚಾಚಿಯ ಹಿತ್ತಲನ್ನು ನೋಡಿದ್ದೆ. ಕೈಯಲ್ಲಿ ಹೂವಿನ ಬುಟ್ಟಿ ಇಟ್ಟುಕೊಳ್ಳುತ್ತಿದ್ದೆ.

"ಇದೆಂತದೆ ಇಷ್ಟೊಂದು ಹೂವು? ದೇವರನ್ನೇ ಮುಚ್ಚಿಹಾಕ್ತೀಯಾ?" ಎಂದು ಅಮ್ಮ ಕೇಳಿದಳು. ನಾನು ಬುಟ್ಟಿಯನ್ನು ದೇವರ ಮುಂದಿಟ್ಟೆ. "ಅಲ್ಲಾ ಮಾರಾಯ್ತಿ, ಮೊಲದ ವಿಷ್ಯ ಆದ್ರೆ ಚಾಚಿ ಹತ್ರ ಹೋಗಿ ಒಂದು ಮಾತು ಕೇಳ್ಬಾರ್ದಾ? ಬಾಯಲ್ಲಿ ಎಂತ ತುಂಬ್ಕಂಡಿದ್ದೀ, ಅವಲಕ್ಕಿಯಾ?"

ಕೇಳಿದರೆ ಅದು ಅವರು ಹೇಳಿಕೊಟ್ಟದ್ದಾಗುತ್ತಿತ್ತು. ನನಗೆ ಅದು ಬೇಡವಾಗಿತ್ತು.

ನೋಡಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಸೂರ್ಯ ಹುಟ್ಟುವ ಮೊದಲೇ ಜೋಡಿ ಮಾಡುತ್ತಾರೆ. ಮಧ್ಯಾಹ್ನ ಹಸಿ ಮೇವು ಹಾಕುವುದಿಲ್ಲ. ನೀರು ತುಂಬಿ ಮಂಜುಗಡ್ಡೆ ಮಾಡಿದ ಬಾಟಲಿಗೆ ಬಟ್ಟೆ ಸುತ್ತಿ ಗೂಡಿನೊಳಗೆ ಇಡುತ್ತಾರೆ, ಮೊಲ ಅದಕ್ಕೆ ಒರಗಿ ಮಲಗುತ್ತದೆ. ಹನ್ನೊಂದು ಗಂಟೆಗೆ ಗೂಡಿಗೆ ಒದ್ದೆ ಗೋಣಿಚೀಲ ಇಳಿಬಿಡುತ್ತಾರೆ. ಜೋಡಿ ಮಾಡಿದ ದಿನ ಒಂದು ಕರಟದಲ್ಲಿ ಮೂವತ್ತೊಂದು ಹುಣಸೆಬೀಜ ಹಾಕಿ, ದಿನಕ್ಕೊಂದರಂತೆ ತೆಗೆಯುತ್ತಾರೆ. ಬೀಜ ಮುಗಿದ ದಿನ ಮರಿ. ಇದನ್ನು ನೋಡಿ ನಾನು ಮನಸ್ಸಿನಲ್ಲೇ ನಕ್ಕಿದ್ದೆ. ನನ್ನ ಹತ್ತಿರ ಕ್ಯಾಲೆಂಡರ್ ಇತ್ತು.

ಈ ವರ್ಷ ಫೆಬ್ರವರಿ ಕೊನೆಗೆ ತಸ್ಲೀಮ್‌ಳ ಹೆರಿಗೆಗೆಂದು ಚಾಚಿ ಹುಬ್ಬಳ್ಳಿಗೆ ಹೋದರು. ಇಪ್ಪತ್ತೆರಡು ದಿನ ಅವರ ಮೊಲಗಳನ್ನು ಗನಿ ಚಾಚಾ ನೋಡಿಕೊಂಡರು. ಚಾಚಿ ಇಲ್ಲದ ಹೊತ್ತಿನಲ್ಲಿ, ಮಾರ್ಚ್ ಎಂಟರಂದು, ಸೆಕೆ ಬಲಿಯುವ ಮೊದಲೇ ನನ್ನ ಬೆಳ್ಳಿಗೆ ನಮ್ಮ ಗಂಡುಮೊಲದೊಡನೆ ಜೋಡಿ ಮಾಡಿಸಿದೆ. ಬೆಳ್ಳಿ ಪೂರ್ತಿ ಬಿಳಿಯ ಹೆಣ್ಣು ಮೊಲ, ಚಾಚಿಯ ಮನೆಯಿಂದಲೇ ಮರಿಯಾಗಿ ಬಂದದ್ದು. ಬೇಲಿಯಾಚೆ ಚಾಚಿಯ ದನಿ ಕೇಳಿದರೆ ಇವತ್ತಿಗೂ ಅದರ ಕಿವಿ ನೆಟ್ಟಗಾಗುತ್ತದೆ. ನಾನು ಎರಡು ವರ್ಷ ಮೇವು ಹಾಕಿದ್ದೇನೆ, ನನ್ನ ದನಿಗೆ ಹಾಗೆ ಆಗುವುದಿಲ್ಲ.

ಚಾಚಿ ಮಾರ್ಚ್ ಇಪ್ಪತ್ತಕ್ಕೆ ವಾಪಸ್ಸು ಬಂದು, ಮಾರನೇ ದಿನವೇ ತಮ್ಮ ಮೂರು ಹೆಣ್ಣುಗಳಿಗೆ ಜೋಡಿ ಮಾಡಿಸಿದರು. ಮೂವತ್ತೊಂದು ದಿನದ ಲೆಕ್ಕದಲ್ಲಿ ಅವರ ಮರಿಗಳು ಏಪ್ರಿಲ್ ಇಪ್ಪತ್ತೊಂದಕ್ಕೆ. ನನ್ನದು ಎಂಟಕ್ಕೆ. ನಾನು ಹದಿಮೂರು ದಿನ ಮುಂದಿದ್ದೆ.

ಏಪ್ರಿಲ್ ಆರರಂದು ಬಿಸಿಲು ವಿಪರೀತವಾಗಿತ್ತು. ಅಪ್ಪ ನಂದೊಳ್ಳಿಯ ಗದ್ದೆಗೆ ಹೋಗಿದ್ದ, ಅಮ್ಮ ಅಂಗನವಾಡಿಯಲ್ಲಿದ್ದಳು. ಹನ್ನೊಂದಕ್ಕೆ ಸರಿಯಾಗಿ ಗೂಡಿನ ನಾಲ್ಕೂ ಬದಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟೆ. ಅಂಚು ಸೇರುವ ಕಡೆ ಬಿಸಿಲು ಬೀಳಬಾರದೆಂದು ಸೂಜಿಯಿಂದ ಹೊಲಿಗೆಯನ್ನೂ ಹಾಕಿದೆ. ಒಂದೂವರೆಗೆ ಚೀಲ ಸರಿಸಿ ನೋಡಿದರೆ ಒಳಗಿಂದ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಬೆಳ್ಳಿ ಬಾಯಿ ತೆರೆದು ಏದುತ್ತಿತ್ತು. ಮೂಗಿನ ಸುತ್ತ ಒದ್ದೆ, ಕಿವಿ ಕೆಂಪಾಗಿ ಸುಡುತ್ತಿತ್ತು. ಎತ್ತಿದರೆ ಕುತ್ತಿಗೆ ಜೋತುಬಿತ್ತು.

ನಾನು ಫ್ರಿಜ್ಜಿನಿಂದ ತಣ್ಣೀರಿನ ತಂಬಿಗೆ ತಂದೆ. ಮೇಲೆ ಹೊಯ್ಯಲು ಹೋದವಳು ನಿಂತೆ. ಸರಿಯೋ ತಪ್ಪೋ ಗೊತ್ತಿರಲಿಲ್ಲ. ನನ್ನ ಪುಸ್ತಕದಲ್ಲಿ ಅದು ಇರಲಿಲ್ಲ. ಆಗ ನಾನು ಬೇಲಿಯ ಹತ್ತಿರ ಓಡಿ, "ಚಾಚೀ!" ಎಂದು ಕೂಗಿದೆ. ನಾನು ಅಷ್ಟು ಜೋರಾಗಿ ಯಾರನ್ನೂ ಕೂಗಿದವಳಲ್ಲ.

ಚಾಚಿ ಹಿಟ್ಟು ಕಲಸುತ್ತಿದ್ದ ಕೈಯಲ್ಲೇ ಬಂದರು. ಗೂಡು ನೋಡಿ ಅವರ ಕಣ್ಣು ದೊಡ್ಡದಾಯಿತು.

"ಯಾ ಅಲ್ಲಾ! ಇದೆಂತದೆ ಮಾಡಿಟ್ಟಿದ್ದೀ? ಇಡ್ಲಿ ಪಾತ್ರೆ ಮಾಡಿಟ್ಟಿದ್ದೀಯಲ್ಲೆ! ಮೊಲ ಸಾಕ್ತೀಯಾ, ಬೇಯಿಸ್ತೀಯಾ?"

"ನೀವೂ ಚೀಲ ಹಾಕ್ತೀರಲ್ಲ..."

"ಎರಡು ಬದಿ ಹಾಕ್ತೇನೆ! ಇನ್ನೆರಡು ಬದಿ ಗಾಳಿಗೆ ಬೇಡ್ವಾ? ಗಾಳಿ ಎಲ್ಲಿಂದ ಬರ್ಬೇಕು, ನಿನ್ನ ಮೂಗಿಂದ?"

ದಾಸವಾಳದ ಸಂದಿಯಿಂದ ನನಗೆ ಅವರ ಗೂಡಿನ ಎರಡು ಬದಿ ಮಾತ್ರ ಕಾಣುತ್ತಿತ್ತು. ಉಳಿದೆರಡೂ ಹಾಗೇ ಇರಬೇಕೆಂದು ನಾನೇ ಅಂದುಕೊಂಡಿದ್ದೆ.

ನನ್ನ ಕೈಯ ತಂಬಿಗೆ ನೋಡಿ ಅವರು ಅದನ್ನು ಕಿತ್ತುಕೊಂಡರು. "ಇಷ್ಟು ತಣ್ಣೀರು ಹೊಯ್ದ್ರೆ ಎದೆ ನಿಂತೇಹೋಗ್ತದೆ. ಬಾವಿ ನೀರು ತಾ, ಓಡು." ಬಾವಿಯ ನೀರಿನಲ್ಲಿ ಬೆರಳು ಅದ್ದಿ ಬೆಳ್ಳಿಯ ಕಿವಿಗಳನ್ನು ಮಾತ್ರ ಬುಡದಿಂದ ತುದಿಯವರೆಗೆ ಸವರಿದರು. ಮತ್ತೆ ಸವರಿದರು. ಆಮೇಲೆ ಅದನ್ನು ಸೆರಗಿನಲ್ಲಿ ಹಿಡಿದು ತಮ್ಮ ಮನೆಯ ಬಚ್ಚಲಿಗೆ ಒಯ್ದು ಕಲ್ಲಿನ ನೆಲದ ಮೇಲೆ ಮಲಗಿಸಿದರು. ಸಂಜೆ ನಾಲ್ಕಕ್ಕೆ ಬೆಳ್ಳಿ ತಲೆ ಎತ್ತಿ ನೀರು ಕುಡಿಯಿತು.

"ಎರಡು ದಿನದಲ್ಲಿ ಹಡೀತದೆ. ಈಗ ಜಾಗ ಬದಲಾಯ್ಸಿದ್ರೆ ಗಾಬರಿಯಾಗ್ತದೆ. ಇಲ್ಲೇ ಇರ್ಲಿ," ಎಂದರು ಚಾಚಿ.

ಏಪ್ರಿಲ್ ಎಂಟರ ಬೆಳಿಗ್ಗೆ ಚಾಚಿಯ ಬಚ್ಚಲಿನಲ್ಲಿ, ಮಾವಿನಹಣ್ಣಿನ ಪೆಟ್ಟಿಗೆಯೊಳಗೆ, ಬೆಳ್ಳಿ ಐದು ಮರಿ ಹಾಕಿತು. ಎರಡು ಸತ್ತೇ ಹುಟ್ಟಿದವು. ಮೂರು ಉಳಿದವು. ಬೆಳ್ಳಿ ತನ್ನ ಎದೆಯ ಕೂದಲು ಕಿತ್ತು ಮರಿಗಳ ಮೇಲೆ ದಪ್ಪಗೆ ಹೊದಿಸಿತ್ತು. ಈ ಸೆಕೆಗೆ ಅಷ್ಟು ಬೇಡವೆಂದು ಚಾಚಿ ಅರ್ಧ ಕೂದಲು ತೆಗೆದು ಬಟ್ಟೆಯ ಚೀಲದಲ್ಲಿಟ್ಟರು. "ಕೂದಲು ಕೀಳದ ತಾಯಿಗೆ ಬೇಕಾಗ್ತದೆ," ಎಂದರು. ನನಗೆ ಸಂತೋಷವಾಗಬೇಕಿತ್ತು. ಅದೇ ದಿನ ಮಧ್ಯಾಹ್ನ ಓಣಿಯ ಹೆಂಗಸರ ಹತ್ತಿರ ಚಾಚಿ ಹೇಳುವುದು ಕೇಳಿಸಿತು: "ನಮ್ಮನೇಲಿ ಈ ಸಲ ಮೂರು, ಮಾಶಾಅಲ್ಲಾ." ನಮ್ಮನೇಲಿ! ನಾನು ಆ ರಾತ್ರಿ ಊಟ ಮಾಡಲಿಲ್ಲ.

ದಿನಕ್ಕೆ ಎರಡು ಸಲ ನನ್ನ ಮೊಲ ನೋಡಲು ನಾನು ಅವರ ಮನೆಗೆ ಹೋಗಬೇಕಾಯಿತು. ಹೋದಾಗಲೆಲ್ಲ "ಕೈ ತೊಳ್ಕೊಂಡ್ಯಾ?" ಎಂದು ಕೇಳುತ್ತಿದ್ದರು. ತೊಳೆದಿದ್ದರೂ ಇನ್ನೊಮ್ಮೆ ತೊಳೆಸುತ್ತಿದ್ದರು. ಮೊಲಗಳ ಹತ್ತಿರ ಅವರು ಉರ್ದುವಿನಲ್ಲಿ ಮುದ್ದು ಮಾಡುತ್ತಾರೆ, ಕನ್ನಡದಲ್ಲಿ ಬೈಯುತ್ತಾರೆ. ನನ್ನ ಹತ್ತಿರ ಕನ್ನಡ ಮಾತ್ರ. ಹಿತ್ತಲಿನ ಕಟ್ಟೆಯ ಮೇಲೆ ಮೂರು ಕರಟಗಳಿದ್ದವು. ಹೋದಾಗಲೆಲ್ಲ ನಾನು ಕಣ್ಣಲ್ಲೇ ಬೀಜ ಎಣಿಸುತ್ತಿದ್ದೆ. ಹನ್ನೊಂದು. ಎಂಟು. ಐದು. ಅವರಿಗೆ ಆಗಬಾರದು ಎಂದು ನಾನು ಬಯಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಯಸಿದ್ದು ನಿಜ.

ಏಪ್ರಿಲ್ ಇಪ್ಪತ್ತೊಂದಕ್ಕೆ ಕರಟಗಳು ಖಾಲಿಯಾದವು. ಚಾಚಿ ಮೂರು ಪೆಟ್ಟಿಗೆಗೆ ಹೊಸ ಒಣಹುಲ್ಲು ಹಾಸಿದ್ದರು. ಇಪ್ಪತ್ತೆರಡು, ಇಪ್ಪತ್ತಮೂರು. ಯಾವ ಪೆಟ್ಟಿಗೆಯಲ್ಲೂ ಒಂದೆಳೆ ಕೂದಲು ಬೀಳಲಿಲ್ಲ. ಇಪ್ಪತ್ತನಾಲ್ಕಕ್ಕೆ ಗನಿ ಚಾಚಾ ಟೆಂಪೋ ತೊಳೆಯುತ್ತಾ ನನ್ನನ್ನು ನೋಡಿ ನಕ್ಕರು.

"ನಿನ್ನ ಚಾಚಿ ಮಗಳ ಬಾಣಂತನಕ್ಕೆ ಹೋದ್ಲು, ಇಲ್ಲಿ ಗಂಡುಮೊಲ ಫಕೀರ ಆಗ್ಬಿಡ್ತು ನೋಡು."

"ನೀವು ಅದನ್ನ ಕಾದ ತಗಡಿನಡಿ ಬಿಟ್ರಿ!" ಒಳಗಿಂದ ಚಾಚಿ ಕೂಗಿದರು. "ಶಿವರಾತ್ರಿಯಿಂದ ಗಂಡನ್ನ ಮನೆಯೊಳಗೆ ಇಡ್ಬೇಕು ಅಂತ ಹೇಳಿ ಹೋಗಿದ್ನೋ ಇಲ್ವೋ?"

"ಒಂದು ಮನೆಯೊಳಗೆ ಎರಡು ಗಂಡು ಯಾಕೆ ಅಂತ ಬಿಟ್ಟೆ."

ನಾನು ನಕ್ಕೆ. ಚಾಚಿ ಹೊರಗೆ ಬಂದು ನನ್ನ ಮುಖ ನೋಡಿದರು. "ನಗು ನಗು. ನಿಂದು ಮೂರು ಇದೆಯಲ್ಲ," ಎಂದರು. ಅಂದಿನಿಂದ ಅವರು ಬೆಳ್ಳಿಯ ಮರಿಗಳನ್ನು ಬೇರೆ ರೀತಿ ನೋಡತೊಡಗಿದರು. ಎತ್ತಿಕೊಳ್ಳುತ್ತಿದ್ದರು, ಹೊಟ್ಟೆ ತುಂಬಿದೆಯೇ ಎಂದು ಮುಟ್ಟಿ ನೋಡುತ್ತಿದ್ದರು, ಆದರೆ ತುಟಿ ಬಿಗಿದಿರುತ್ತಿತ್ತು. ನಾನು ಬಂದರೆ ತಟ್ಟನೆ ಕೆಳಗಿಡುತ್ತಿದ್ದರು.

ಇಪ್ಪತ್ತೇಳರಂದು ಸೋಂದಾದಿಂದ ಶಂಭುಲಿಂಗ ಭಟ್ಟರು ಮಗಳು ಅಭಿಜ್ಞಾಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದರು. ರಜೆಯಲ್ಲಿ ಮರಿ ಕೊಡುತ್ತೇನೆಂದು ಚಾಚಿ ಅವರಿಗೆ ಫೆಬ್ರವರಿಯಲ್ಲೇ ಮಾತು ಕೊಟ್ಟಿದ್ದರಂತೆ. ನಾನು ಗರಿಕೆ ಹುಲ್ಲು ಹಿಡಿದು ಬಚ್ಚಲಿನ ಬಾಗಿಲಲ್ಲಿದ್ದೆ. ಚಾಚಿ ನನ್ನ ಕಡೆ ನೋಡದೆ ಪೆಟ್ಟಿಗೆಯನ್ನು ಜಗಲಿಗೆ ತಂದರು.

"ಯಾವ್ದು ಬೇಕು ನೋಡೆ ಕೂಸೆ," ಎಂದರು ಭಟ್ಟರು.

"ಯಂಗೆ ಇದು ಬೇಕು ಅಪ್ಪಯ್ಯ. ಮೂಗಿನ ಮೇಲೆ ಚುಕ್ಕೆ ಇದ್ದಲ, ಅದು."

ಭಟ್ಟರು ನಕ್ಕು ಚಾಚಿಗೆ ಹೇಳಿದರು: "ಅಂತೂ ಸುಗ್ರಾಬಾಯಿ, ನೀವು ಏಪ್ರಿಲ್ ಅಂದ್ರೆ ಏಪ್ರಿಲ್ಲೇ. ಈ ಸೆಕೆಗೆ ನಾವೇ ಉಸಿರು ಬಿಡ್ಲಿಕ್ಕೆ ಒದ್ದಾಡ್ತಾ ಇದ್ದೇವೆ. ನಿಮ್ಮ ಕೈಯೇ ಕೈ!"

ಆ ಮರಿ ನನ್ನದು ಎಂದು ನಾನೇ ಹೇಳಬೇಕಿತ್ತು. ಚಾಚಿ ಮರಿಯನ್ನು ಹುಡುಗಿಯ ಅಂಗೈಯಲ್ಲಿಟ್ಟು, ಹಿಂಗಾಲಿಗೆ ಇನ್ನೊಂದು ಕೈ ಆಸರೆ ಕೊಡಲು ಕಲಿಸಿದರು. ಅದಕ್ಕೆ ತುಂಬ ಹೊತ್ತು ತೆಗೆದುಕೊಂಡರು. ಆಮೇಲೆ ನೆಲ ನೋಡುತ್ತಾ ಹೇಳಿದರು.

"ಕೈ ನಂದಲ್ಲ ಭಟ್ರೆ. ಈ ಸಲ ನಂದು ಒಂದೂ ಆಗ್ಲಿಲ್ಲ. ಅದು ಈ ಹುಡುಗಿ ಮೊಲ. ನನ್ನ ಬಚ್ಚಲಲ್ಲಿ ಹಡೀತು, ಅಷ್ಟೇ. ಅವಳನ್ನ ಕೇಳಿ."

ಭಟ್ಟರು ನನ್ನ ಕಡೆ ತಿರುಗಿದರು. "ಹೌದನೆ ತಂಗಿ? ಮರಿಗೆ ಎಷ್ಟು ದಿನ ಆಯ್ತು?"

"ಹತ್ತೊಂಬತ್ತು," ಎಂದೆ. ಇನ್ನೂ ಹೇಳಬೇಕೆನಿಸಿತು. "ತಾಯಿ ಬಿಡಿಸ್ಲಿಕ್ಕೆ ಆರು ವಾರ ಆಗ್ಬೇಕು. ಇನ್ನು ಇಪ್ಪತ್ಮೂರು ದಿನ ಬಿಟ್ಟು ಬನ್ನಿ. ನಿಮ್ಮನೇಲಿ ನಾಯಿ ಇದ್ಯಾ?"

"ಇಲ್ಲೆ," ಎಂದು ಅಡ್ಡ ತಲೆಯಾಡಿಸಿದಳು ಅಭಿಜ್ಞಾ, ಅಪ್ಪನಿಗಿಂತ ಮೊದಲು.

ಅವರು ಹೋದ ಮೇಲೆ ಚಾಚಿ ಖಾಲಿ ಪೆಟ್ಟಿಗೆಗಳ ಒಣಹುಲ್ಲನ್ನು ಒಂದೊಂದಾಗಿ ಕೊಡವಿದರು. ಅದಕ್ಕೆ ಅಷ್ಟು ಜೋರಾಗಿ ಕೊಡವಬೇಕಾಗಿರಲಿಲ್ಲ.

"ನಾಳೆ ನಿಮ್ಮನೆಗೆ ಒಯ್ಕೋ," ಎಂದರು ಬೆನ್ನು ಮಾಡಿಕೊಂಡೇ. "ಗಟ್ಟಿ ಆಗಿದ್ದಾವೆ."

ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷ ಅದು ನನ್ನೊಳಗೇ ಇತ್ತು. ಅವರಿಗೂ ಹಾಗೆ ಆಗಲಿ ಎಂದು ಎಷ್ಟು ದಿನ ಕಾದಿದ್ದೆನೋ, ಈಗ ಆಗಿತ್ತು. ನಾನು ಹುಲ್ಲು ಅಲ್ಲೇ ಇಟ್ಟು ಮನೆಗೆ ಬಂದೆ.

ಮಾರನೇ ದಿನ ಬುಟ್ಟಿ ಹಿಡಿದು ಹೋದೆ. ಬೆಳ್ಳಿ ಚಾಚಿಯ ಕಾಲ ಬಳಿ ಮೈ ಸಡಿಲಬಿಟ್ಟು ಮಲಗಿತ್ತು. ನನ್ನನ್ನು ನೋಡಿ ಏಳಲಿಲ್ಲ. ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ ಎಂದು ನಾನು ಹೇಳುವುದಿಲ್ಲ. ಒಂದು ಮರಿ ಅವರ ಸೀರೆಯ ಅಂಚನ್ನು ಹಲ್ಲಿನಲ್ಲಿ ಹಿಡಿದು ಎಳೆಯುತ್ತಿತ್ತು. ಅವರು ಅದನ್ನು ಬಿಡಿಸದೆ ಕೂತಿದ್ದರು.

"ಬಿಸಿಲು ಜೋರಿದೆ ಚಾಚಿ," ಎಂದೆ. "ಇವು ಇನ್ನೊಂದು ವಾರ ಇಲ್ಲೇ ಇರ್ಲಾ?"

ಚಾಚಿ ಬಾಗಿಲಿನಿಂದ ಹೊರಗೆ ನೋಡಿದರು. ಬೆಳಗಿನಿಂದ ಮೋಡ ಕವಿದಿತ್ತು. ಅಂಗಳದಲ್ಲಿ ನೆರಳೂ ಬಿದ್ದಿರಲಿಲ್ಲ.

"ಹೂಂ," ಎಂದರು. "ಭಾಳ ಜೋರಿದೆ." ಆಮೇಲೆ ನನ್ನ ಬುಟ್ಟಿ ತೆಗೆದುಕೊಂಡು, ಕೈ ತೊಳೆದು ಬರಲು ಹೇಳಿದರು.